ಚುಕ್ಕಿ ರಂಗೋಲಿ ಕಿಟಕಿಗೂ ಬರಲಿ: ಶಿಕಾಗೋ ಸುತ್ತಲಿನ ಕನ್ನಡ ಮನೆಗಳಿಗೆ ಒಂದು ಬಹಿರಂಗ ಪತ್ರ

ನೇಪರ್‌ವಿಲ್, ಅರೋರಾ, ಲೈಲ್, ಬೋಲಿಂಗ್‌ಬ್ರೂಕ್, ಶಾಂಬರ್ಗ್ ಕಡೆಯ ಕನ್ನಡ ಬಂಧುಗಳೇ, ಕನ್ನಡ ಕೂಟಗಳ ಪದಾಧಿಕಾರಿಗಳೇ, ಬಡಾವಣೆಯ ಹೋಮ್ ಓನರ್ಸ್ ಅಸೋಸಿಯೇಷನ್ನಿನಲ್ಲಿ ಕೂತು ಅಕ್ಕಪಕ್ಕದವರ ಬೇಲಿಯ ಎತ್ತರ ನಿರ್ಧರಿಸುವವರೇ, ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದು ಮಗನ ಮನೆಯ ಪ್ಯಾಟಿಯೋ ಬಾಗಿಲ ಮುಂದೆ ಕಾಫಿ ಲೋಟ ಹಿಡಿದು ಕೂತಿರುವ ಅಪ್ಪ-ಅಮ್ಮಂದಿರೇ,

ಎಲ್ಲರಿಗೂ ನಮಸ್ಕಾರ.

ಹಕ್ಕಿಗಳ ವಿಷಯವಾಗಿ ಬರೆಯುತ್ತಿದ್ದೇನೆ. ಯುಗಾದಿ ಮುಗಿಯಿತು, ಹಿತ್ತಲಿನ ಹಿಮ ಕರಗಿತು, ಗ್ಯಾರೇಜಿನ ಮೂಲೆಯಲ್ಲಿದ್ದ ಗ್ರಿಲ್ ಹೊರಗೆ ಬರುವ ಕಾಲ ಬಂತು. ಇದೇ ವಾರಗಳಲ್ಲಿ, ನಾವು ಮಲಗಿದ ಮೇಲೆ, ನಮ್ಮ ಚಾವಣಿಗಳ ಮೇಲಿಂದ ಲಕ್ಷಗಟ್ಟಲೆ ಹಕ್ಕಿಗಳು ಉತ್ತರಕ್ಕೆ ಹೋಗುತ್ತವೆ. ಅವುಗಳಲ್ಲಿ ಒಂದಷ್ಟು ಮಾರನೆಯ ಬೆಳಿಗ್ಗೆ ನಮ್ಮ ಕಿಟಕಿಗೆ ಬಡಿದು ಸಾಯುತ್ತವೆ. ನಾನು ಕೇಳುವುದು ಎರಡೇ ಕೆಲಸ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ರಾತ್ರಿ ಹನ್ನೊಂದರ ಮೇಲೆ ಮನೆಯ ಹೊರದೀಪಗಳನ್ನು ಆರಿಸಿ. ಹಿತ್ತಲ ಕಡೆಯ ದೊಡ್ಡ ಗಾಜುಗಳಿಗೆ ಹೊರಗಿನಿಂದ ಎರಡೆರಡು ಇಂಚಿಗೆ ಒಂದರಂತೆ ಚುಕ್ಕಿ ಇಡಿ. ಅವಸರದಲ್ಲಿರುವವರು ಇಷ್ಟಕ್ಕೇ ನಿಲ್ಲಿಸಿ ಬಣ್ಣ ತರಲು ಹೋಗಬಹುದು. ಯಾಕೆ ಎಂದು ಕೇಳುವವರಿಗೆ ಉಳಿದ ಪತ್ರ.

ಮೊದಲು ಸರೋವರದ ಮಾತು. ಮಿಶಿಗನ್ ಸರೋವರ ಉತ್ತರ-ದಕ್ಷಿಣವಾಗಿ ಸುಮಾರು 490 ಕಿ.ಮೀ. ಉದ್ದ, ಅತಿ ಅಗಲದ ಕಡೆ 190 ಕಿ.ಮೀ. ಶಿಕಾಗೋ ಇರುವುದು ಅದರ ನೈಋತ್ಯ ತುದಿಯಲ್ಲಿ. ಮಧ್ಯ ಅಮೆರಿಕದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಆಂಡೀಸ್ ಬೆಟ್ಟಗಳಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಮರಿ ಮಾಡಲು ವಿಸ್ಕಾನ್ಸಿನ್, ಉತ್ತರ ಮಿಶಿಗನ್ ಮತ್ತು ಅದರಾಚೆಯ ಕೆನಡಾದ ಕಾಡುಗಳಿಗೆ ಹೋಗಬೇಕು. ಮೆಕ್ಸಿಕೋ ಕೊಲ್ಲಿ ದಾಟಿ, ಮಿಸಿಸಿಪ್ಪಿ ಕಣಿವೆ ಹಿಡಿದು ಮೇಲೆ ಬಂದವಕ್ಕೆ ಈ ನೀರು ಅಡ್ಡ ಸಿಗುತ್ತದೆ. ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಹಾರುವುದು ರಾತ್ರಿಯಲ್ಲೇ. ಆಗ ಗಾಳಿ ತಣ್ಣಗಿರುತ್ತದೆ, ಗಿಡುಗದ ಭಯ ಕಡಿಮೆ, ಹಗಲು ಪೂರ್ತಿ ಹೊಟ್ಟೆಪಾಡಿಗೆ ಉಳಿಯುತ್ತದೆ. ದಾರಿ ತೋರಿಸುವುದು ನಕ್ಷತ್ರಗಳು ಮತ್ತು ಭೂಮಿಯ ಕಾಂತಕ್ಷೇತ್ರ. ಬೆಳಕು ಹರಿಯುವಾಗ ನೀರಿನ ಮೇಲೆ ಸಿಕ್ಕಿಬಿದ್ದವು ಹತ್ತಿರದ ದಡಕ್ಕೆ ತಿರುಗುತ್ತವೆ. ಅದಕ್ಕೇ ದಡದುದ್ದಕ್ಕೂ ಇರುವ ಒಂದೊಂದು ತುಂಡು ಹಸಿರೂ ಮೇ ತಿಂಗಳಲ್ಲಿ ಹಕ್ಕಿಗಳಿಂದ ತುಂಬಿಹೋಗುತ್ತದೆ.

ಇದು ಕವಿಸಮಯವಲ್ಲ, ರೇಡಾರಿನಲ್ಲಿ ಕಾಣುತ್ತದೆ. ಮಳೆ ನೋಡಲು ಇಟ್ಟಿರುವ ಹವಾಮಾನ ರೇಡಾರುಗಳು ಹಕ್ಕಿಗಳ ಹಿಂಡನ್ನೂ ಹಿಡಿಯುತ್ತವೆ. ನಮ್ಮ ಭಾಗದ್ದು ರೋಮಿಯೋವಿಲ್‌ನಲ್ಲಿದೆ, ನಮ್ಮಲ್ಲಿ ಎಷ್ಟೋ ಜನ ದಿನಾ ಕೆಲಸಕ್ಕೆ ಹೋಗುವ ದಾರಿಗೆ ಹತ್ತಿರ. ತೆಂಕಣ ಗಾಳಿ ಬೀಸುವ ಮೇ ತಿಂಗಳ ಸಂಜೆ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ಒಂದು ಹನಿ ಮಳೆ ಇಲ್ಲದಿದ್ದರೂ ಅದರ ಪರದೆ ಮೇಲೆ ಮೋಡದಂಥದ್ದು ಏಳುತ್ತದೆ. ಈ ರೇಡಾರುಗಳ ಲೆಕ್ಕದಿಂದಲೇ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಜೊತೆಯವರು ಬರ್ಡ್‌ಕಾಸ್ಟ್ ಎಂಬ ಮುನ್ಸೂಚನೆ ನಡೆಸುತ್ತಾರೆ. ಡುಪೇಜ್ ಅಂತಲೋ ವಿಲ್ ಅಂತಲೋ ನಿಮ್ಮ ಕೌಂಟಿಯ ಹೆಸರು ಕೊಟ್ಟರೆ ನಿನ್ನೆ ರಾತ್ರಿ ಅದರ ಮೇಲಿಂದ ಎಷ್ಟು ಹಕ್ಕಿ ಹೋದವು ಎಂಬ ಅಂದಾಜು ಬರುತ್ತದೆ. ವಸಂತದಲ್ಲಿ ಮಾರ್ಚ್ 1ರಿಂದ ಜೂನ್ 15ರವರೆಗೆ ಅದು ನಡೆಯುತ್ತದೆ. ಶೇರು ಪೇಟೆಯ ಸೂಚ್ಯಂಕ ನೋಡುವ ಅಭ್ಯಾಸವಿರುವವರು ಒಮ್ಮೆ ನೋಡಿ, ಚಟ ಹಿಡಿಯುತ್ತದೆ.

ಇಲ್ಲಿಯ ವಸಂತ ಒಂದೇ ದಿನ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಫೆಬ್ರವರಿ ಕೊನೆಗೋ ಮಾರ್ಚ್ ಮೊದಲಿಗೋ ಸ್ಯಾಂಡ್‌ಹಿಲ್ ಕ್ರೇನ್‌ಗಳು ಹಾಯುತ್ತವೆ. ಇವು ಹಗಲಿನ ಪ್ರಯಾಣಿಕರು. ತುಂಬಾ ಮೇಲೆ ಸುತ್ತು ಹೊಡೆಯುತ್ತಾ ಹೋಗುವುದರಿಂದ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ, ಗಂಟಲೊಳಗೆ ಗುರುಗುಟ್ಟಿದಂಥ ಕೂಗು. ಜವುಗಿನ ಜೊಂಡಿನ ಮೇಲೆ ಕೆಂಪು ಭುಜದ ಬ್ಲ್ಯಾಕ್‌ಬರ್ಡ್‌ಗಳು ಆಗಲೇ ಜಾಗಕ್ಕೆ ಜಗಳ ಶುರುಮಾಡಿರುತ್ತವೆ. ಮಾರ್ಚ್ ಸಂಜೆ ಮುಚ್ಚಂಜೆಯಲ್ಲಿ ವುಡ್‌ಕಾಕ್ ಎಂಬ ಗುಂಡು ಹಕ್ಕಿ ಬಯಲಲ್ಲಿ ನಿಂತು ಮೂಗಿನಲ್ಲಿ ಕೂಗಿ, ಸುತ್ತುತ್ತಾ ಆಕಾಶಕ್ಕೇರಿ, ಎಲೆ ಉದುರಿದಂತೆ ಇಳಿಯುತ್ತದೆ. ಹೆಣ್ಣನ್ನು ಒಲಿಸುವ ಈ ಸರ್ಕಸ್ಸನ್ನು ನೇಪರ್‌ವಿಲ್‌ನ ಸ್ಪ್ರಿಂಗ್‌ಬ್ರೂಕ್ ಹುಲ್ಲುಗಾವಲ ಕಡೆ ಟಿಕೆಟ್ಟಿಲ್ಲದೆ ನೋಡಬಹುದು. ಏಪ್ರಿಲ್ಲಿನಲ್ಲಿ ಫ್ಲಿಕರ್ ಎಂಬ ಮರಕುಟಿಗ, ಹರ್ಮಿಟ್ ಥ್ರಶ್, ಆರು ಗ್ರಾಂ ತೂಗುವ ಕಿಂಗ್ಲೆಟ್, ಬಿಳಿ ಗಂಟಲಿನ ಸ್ಪ್ಯಾರೋ.

ಆಮೇಲೆ ಮೇ. ಮೇ ಅಂದರೆ ವಾರ್ಬ್ಲರ್‌ಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು, ಹತ್ತು ಗ್ರಾಂ ಆಸುಪಾಸಿನವು, ಮೂರು ಡಜನ್‌ಗೆ ಹತ್ತಿರ ಬಗೆಯವು. ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್‌ನ ಗಂಡಿನ ಗಂಟಲು ಉರಿಯುವ ಕಿತ್ತಳೆ ಬಣ್ಣ. ಚಳಿಗಾಲದಲ್ಲಿ ಅದು ಕೊಲಂಬಿಯಾ, ಪೆರು ಕಡೆಯ ಆಂಡೀಸ್ ಕಾಡಿನಲ್ಲಿತ್ತು. ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಇನ್ನೂ ಸಾಹಸಿ. ಅದರ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ನೋಡಿದವರು 2015ರಲ್ಲಿ ಪ್ರಕಟಿಸಿದ ಪ್ರಕಾರ, ಶರತ್ಕಾಲದಲ್ಲಿ ಅದು ಉತ್ತರ ಅಮೆರಿಕದ ಪೂರ್ವ ಕರಾವಳಿಯಿಂದ ಹೊರಟು ಅಟ್ಲಾಂಟಿಕ್ ಸಾಗರದ ಮೇಲೆ ಎರಡು ಮೂರು ದಿನ ಎಲ್ಲೂ ಇಳಿಯದೆ ಹಾರುತ್ತದೆ. ವಸಂತದಲ್ಲಿ ವಾಪಸಾಗುವಾಗ ಫ್ಲೋರಿಡಾ ಕಡೆಯಿಂದ ಏರಿ ಬಂದು, ಮೇ ಎರಡನೇ ಮೂರನೇ ವಾರ ನಮ್ಮ ಓಕ್ ಮರಗಳಲ್ಲಿ ಹುಳ ಹೆಕ್ಕುತ್ತಿರುತ್ತದೆ. ಇಷ್ಟು ದೂರ ಬಂದ ಜೀವ ಕೊನೆಗೆ ಸಾಯುವುದು ಡೆಕ್ಕಿನ ಮೇಲೆ, ನಮ್ಮ ಬಾರ್ಬೆಕ್ಯೂ ಪಕ್ಕದಲ್ಲಿ ಎಂದರೆ ನನಗೆ ಸಿಟ್ಟು ಬರುತ್ತದೆ.

ನೋಡಲು ಹೋಗುವುದಾದರೆ ಮಾಂಟ್ರೋಸ್ ಪಾಯಿಂಟ್‌ಗೆ ಹೋಗಿ. ಊರ ಉತ್ತರ ಭಾಗದಲ್ಲಿ ಸರೋವರದೊಳಕ್ಕೆ ಚಾಚಿದ ಸಣ್ಣ ಭೂಮಿ. ಶೀತಲ ಸಮರದ ಕಾಲದಲ್ಲಿ ಅಲ್ಲಿ ಸೇನೆಯ ನೈಕಿ ಕ್ಷಿಪಣಿ ನೆಲೆಯಿತ್ತು. ಸೈನಿಕರ ವಸತಿ ಮರೆಯಾಗಲೆಂದು ಹನಿಸಕಲ್ ಬೇಲಿ ನೆಟ್ಟಿದ್ದರಂತೆ. ಸೇನೆ ಹೋಯಿತು, ಬೇಲಿ ಉಳಿಯಿತು, ರಾತ್ರಿಯಿಡೀ ಹಾರಿ ಸುಸ್ತಾದ ಹಕ್ಕಿಗಳು ಅದರೊಳಗೆ ಇಳಿಯತೊಡಗಿದವು. ಈಗ ಹಕ್ಕಿ ನೋಡುವವರ ಬಾಯಲ್ಲಿ ಅದು ಮ್ಯಾಜಿಕ್ ಹೆಜ್. ಅಲ್ಲಿ ಈವರೆಗೆ ದಾಖಲಾದ ಹಕ್ಕಿ ಬಗೆಗಳು 300ಕ್ಕೂ ಹೆಚ್ಚು. ತೆಂಕಣ ಗಾಳಿಯ ರಾತ್ರಿ ಮುಗಿದು ಬೆಳಗಿನ ಜಾವ ಮಳೆಯೋ ಬಡಗಣ ಗಾಳಿಯೋ ಅಡ್ಡ ಬಂದರೆ ಹಕ್ಕಿಗಳು ಮಳೆಹನಿಯ ಹಾಗೆ ಬೀಳುತ್ತವೆ. ಅಂಥ ದಿನ ಹುಲ್ಲಿನ ಮೇಲೂ ವಾರ್ಬ್ಲರ್, ಕಲ್ಲಿನ ಮೇಲೂ ವಾರ್ಬ್ಲರ್, ನಿಮ್ಮ ಬೂಟಿನ ಪಕ್ಕದಲ್ಲೂ ವಾರ್ಬ್ಲರ್. ಜಾಕೆಟ್ ಮಾತ್ರ ಮರೆಯಬೇಡಿ. ನೇಪರ್‌ವಿಲ್‌ನಲ್ಲಿ ಅರ್ಧ ತೋಳಿನ ಹವೆ ಇದ್ದ ದಿನವೂ ಸರೋವರದ ದಡ ಫ್ರಿಜ್ಜಿನ ಬಾಗಿಲು ತೆರೆದಂತಿರುತ್ತದೆ.

ಅದೇ ಮಾಂಟ್ರೋಸ್ ಮರಳಿನಲ್ಲಿ 2019ರಲ್ಲಿ ಎರಡು ಪೈಪಿಂಗ್ ಪ್ಲೋವರ್‌ಗಳು ಗೂಡು ಮಾಡಿದವು. ಅಮೆರಿಕದ ಮಹಾ ಸರೋವರಗಳ ಪೈಪಿಂಗ್ ಪ್ಲೋವರ್ ಅಳಿವಿನಂಚಿನ ಹಕ್ಕಿ. ಶಿಕಾಗೋದಲ್ಲಿ ಅದು ಗೂಡು ಕಟ್ಟಿ ಅರವತ್ತು ವರ್ಷಕ್ಕೂ ಮೇಲಾಗಿತ್ತು. ಜನ ಗಂಡಿಗೆ ಮಾಂಟಿ, ಹೆಣ್ಣಿಗೆ ರೋಸ್ ಎಂದು ಹೆಸರಿಟ್ಟರು. ಸ್ವಯಂಸೇವಕರು ಪಾಳಿ ಹಾಕಿಕೊಂಡು ಕಾವಲು ನಿಂತರು. ಅದೇ ದಡದಲ್ಲಿ ಆಗಸ್ಟಿನಲ್ಲಿ ನಡೆಯಬೇಕಿದ್ದ ದೊಡ್ಡ ಸಂಗೀತೋತ್ಸವ ರದ್ದಾಯಿತು. ಹಿಡಿಯಷ್ಟು ಗಾತ್ರದ ಎರಡು ಹಕ್ಕಿಗಳಿಗಾಗಿ! ಮಾಂಟಿ 2022ರಲ್ಲಿ ಸತ್ತ. ಅವನ ಮರಿ ಇಮಾನಿ ಹುಟ್ಟಿದ ಜಾಗಕ್ಕೆ ತಿರುಗಿ ಬಂದು, 2024ರಲ್ಲಿ ಅಲ್ಲೇ ಸಂಸಾರ ಹೂಡಿದ. ಈ ಊರಿನ ಜನ ಮನಸ್ಸು ಮಾಡಿದರೆ ಹಕ್ಕಿಗೆ ಜಾಗ ಬಿಡಬಲ್ಲರು ಎಂಬುದಕ್ಕೆ ಇದನ್ನು ಹೇಳಿದೆ.

ಆದರೆ ಇದೇ ಶಿಕಾಗೋ ಹಕ್ಕಿಗಳಿಗೆ ಅತಿ ಅಪಾಯದ ಊರು ಕೂಡ. ರಾತ್ರಿ ಬೆಳಕಿನ ಪ್ರಮಾಣವನ್ನೂ ಮೇಲೆ ಹಾಯುವ ಹಕ್ಕಿಗಳ ಸಂಖ್ಯೆಯನ್ನೂ ಜೋಡಿಸಿ 2019ರಲ್ಲಿ ಅಮೆರಿಕದ ಊರುಗಳ ಪಟ್ಟಿ ಮಾಡಿದಾಗ, ವಸಂತಕ್ಕೂ ಶರತ್ಕಾಲಕ್ಕೂ ಮೊದಲ ಸ್ಥಾನ ಬಂದದ್ದು ಶಿಕಾಗೋಗೆ. ಸರೋವರದ ದಡದಲ್ಲೇ ಇರುವ ಮೆಕಾರ್ಮಿಕ್ ಪ್ಲೇಸ್ ಎಂಬ ಸಮಾವೇಶ ಕೇಂದ್ರ ನಿಮಗೆಲ್ಲ ಗೊತ್ತು, ಆಟೋ ಶೋ ನೋಡಲು ಹೋಗಿರುತ್ತೀರಿ. ಅದರ ಗಾಜಿಗೆ ಹಕ್ಕಿಗಳು ಬಡಿಯುತ್ತವೆ ಎಂದು ಕೇಳಿ, ಫೀಲ್ಡ್ ಮ್ಯೂಸಿಯಂನ ಪಕ್ಷಿತಜ್ಞ ಡೇವಿಡ್ ವಿಲಾರ್ಡ್ 1978ರಲ್ಲಿ ಅಲ್ಲಿಗೆ ನಡೆದುಹೋದರು. ಮ್ಯೂಸಿಯಂನಿಂದ ಕೂಗಳತೆಯ ದೂರ. ಆವತ್ತು ಸಿಕ್ಕಿದ್ದು ಒಂದೆರಡು ಹಕ್ಕಿ. ಅಲ್ಲಿಂದ ಮುಂದೆ ದಶಕಗಳ ಕಾಲ ವಲಸೆಯ ದಿನಗಳಲ್ಲಿ ಬೆಳಗಿನ ಜಾವ ಹೋಗಿ ಸತ್ತವನ್ನು ಹೆಕ್ಕಿ ತಂದು, ಅಳೆದು, ದಾಖಲಿಸಿದರು. ಆ ಒಂದು ಕಟ್ಟಡದ್ದೇ 40,000 ದಾಟಿತು.

ಸತ್ತ ಹಕ್ಕಿಗಳನ್ನು ಅಳೆದು ಏನು ಬಂತು ಎಂದು ಕೇಳುವವರಿಗೆ: 1978ರಿಂದ 2016ರವರೆಗಿನ 52 ಬಗೆಯ 70,716 ಹಕ್ಕಿಗಳ ಅಳತೆಯಿಂದ, ಹವೆ ಬೆಚ್ಚಗಾದಂತೆ ಅವುಗಳ ಮೈ ಕುಗ್ಗುತ್ತಿದೆ, ರೆಕ್ಕೆ ಮಾತ್ರ ತುಸು ಉದ್ದವಾಗುತ್ತಿದೆ ಎಂಬುದು ಹೊರಬಿತ್ತು. ಕಾಲಿನ ಮೂಳೆ ಶೇ 2.4ರಷ್ಟು ಗಿಡ್ಡ, ರೆಕ್ಕೆ ಶೇ 1.3ರಷ್ಟು ಉದ್ದ. ಅದೇ ರಾಶಿಯಿಂದ ಇನ್ನೊಂದು ವಿಷಯವೂ ಸಿಕ್ಕಿತು. ರಾತ್ರಿ ಹಾರುವಾಗ ಒಂದಕ್ಕೊಂದು ಸಣ್ಣಗೆ ಕೂಗಿಕೊಳ್ಳುವ ಬಗೆಯ ಹಕ್ಕಿಗಳೇ ಹೆಚ್ಚು ಸಾಯುತ್ತವೆ. ಬೆಳಕಿಗೆ ದಾರಿ ತಪ್ಪಿದ ಒಂದು ಕೂಗಿದರೆ ಉಳಿದವೂ ಅದರ ಹಿಂದೆ ಬರುತ್ತವೆ ಎಂಬುದು ಸಂಶೋಧಕರ ಊಹೆ. ಬೆಳಕಿಗೂ ಸಾವಿಗೂ ಇರುವ ನಂಟನ್ನು ಅದೇ ಕಟ್ಟಡದಲ್ಲಿ ಎಣಿಸಿ ನೋಡಿದ್ದಾರೆ. ಬೆಳಗುವ ಕಿಟಕಿಗಳನ್ನು ಅಲ್ಲಿ ಈ ಹಿಂದೆ ದಾಖಲಾದ ಅತಿ ಕಡಿಮೆ ಮಟ್ಟಕ್ಕೆ ಇಳಿಸಿದರೆ ಸಾವು ಸುಮಾರು ಶೇ 60ರಷ್ಟು ಕಡಿಮೆಯಾಗುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು.

ಆಮೇಲೆ 2023ರ ಅಕ್ಟೋಬರ್ 5 ಬಂತು. ದಕ್ಷಿಣಕ್ಕೆ ಮರಳುವ ಹಕ್ಕಿಗಳ ದೊಡ್ಡ ಅಲೆ, ಬೆಳಗಿನ ಜಾವ ಅಡ್ಡ ಹವೆ, ಮುಂದೆ ಬೆಳಗುವ ಗಾಜು. ಒಂದೇ ರಾತ್ರಿಯಲ್ಲಿ ಆ ಒಂದೇ ಕಟ್ಟಡದ ಬುಡದಲ್ಲಿ ಸುಮಾರು ಸಾವಿರ ಹಕ್ಕಿ ಸತ್ತವು. ಸಾಲಾಗಿ ಜೋಡಿಸಿಟ್ಟ ಆ ಹಕ್ಕಿಗಳ ಚಿತ್ರ ಜಗತ್ತೆಲ್ಲ ಸುತ್ತಿತು, ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಮರುವರ್ಷ ಬೇಸಿಗೆಯಲ್ಲಿ 12 ಲಕ್ಷ ಡಾಲರ್ ಖರ್ಚು ಮಾಡಿ ಆ ಗಾಜುಗಳಿಗೆಲ್ಲ ಸಣ್ಣ ಚುಕ್ಕಿಗಳ ಫಿಲ್ಮ್ ಅಂಟಿಸಿದರು. ಆ ಶರತ್ಕಾಲದಲ್ಲಿ ಸಾವು ಸುಮಾರು ಶೇ 95ರಷ್ಟು ಇಳಿಯಿತು. ಬೇರೆ ಯಂತ್ರವಿಲ್ಲ, ತಂತ್ರವಿಲ್ಲ, ಬರೀ ಚುಕ್ಕಿ.

ಇಲ್ಲಿಗೆ ನಮ್ಮವರು ಸಾಮಾನ್ಯವಾಗಿ ನಿಟ್ಟುಸಿರು ಬಿಟ್ಟು, ಸದ್ಯ, ಡೌನ್‌ಟೌನಿನವರು ಎಚ್ಚೆತ್ತರಲ್ಲ ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಅಮೆರಿಕದಲ್ಲಿ ಕಟ್ಟಡಗಳಿಗೆ ಬಡಿದು ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿವರೆಗೆ ಹಕ್ಕಿ ಸಾಯುತ್ತವೆ ಎಂದು 2014ರ ಅಧ್ಯಯನವೊಂದು ಅಂದಾಜು ಮಾಡಿತು. ಅದರಲ್ಲಿ ಗಗನಚುಂಬಿಗಳ ಪಾಲು ಶೇ 1ಕ್ಕೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ನಾಲ್ಕರಿಂದ ಹನ್ನೊಂದು ಮಹಡಿಯ ಆಫೀಸು, ಶಾಲೆ, ಆಸ್ಪತ್ರೆಯಂಥ ಕಟ್ಟಡಗಳದ್ದು. ಉಳಿದ ಸುಮಾರು ಶೇ 44 ಮೂರು ಮಹಡಿಯೊಳಗಿನ ಮನೆಗಳದ್ದು. ಅಂದರೆ ನಮ್ಮವು. ಒಂದೊಂದು ಮನೆಗೆ ವರ್ಷಕ್ಕೆ ಒಂದೋ ಎರಡೋ, ಹೆಚ್ಚೆಂದರೆ ಐದಾರು ಬಡಿಯಬಹುದು. ಮನೆಗಳು ಎಷ್ಟಿವೆ ಎಂದು ಎಣಿಸಿ ನೋಡಿ. ದೊಡ್ಡ ಕಟ್ಟಡದ ಬುಡದಲ್ಲಿ ಸಾವಿರ ಬಿದ್ದರೆ ಸುದ್ದಿ, ಸಾವಿರ ಹಿತ್ತಲಲ್ಲಿ ಒಂದೊಂದು ಬಿದ್ದರೆ ಬೆಕ್ಕಿಗೋ ರಕೂನಿಗೋ ಊಟ.

ನಮ್ಮ ಬಡಾವಣೆಗಳು ಕಟ್ಟಿರುವ ರೀತಿಯೂ ಹಾಗೇ ಇದೆ. ಎರಡಂತಸ್ತಿನ ಫ್ಯಾಮಿಲಿ ರೂಮು, ಅದರ ಗೋಡೆ ತುಂಬಾ ಗಾಜು, ಗಾಜಿನ ಎದುರಿಗೆ ಹಿತ್ತಲು, ಹಿತ್ತಲಾಚೆ ಮಳೆನೀರಿನ ಹೊಂಡ, ಹೊಂಡದ ಸುತ್ತ ಮೇಪಲ್ ಮರ. ಮನೆ ಕೊಳ್ಳುವಾಗ ವ್ಯೂ ಚೆನ್ನಾಗಿದೆ ಎಂದು ಹೆಚ್ಚು ಕೊಟ್ಟಿದ್ದೇ ಇದಕ್ಕೆ. ರಾತ್ರಿ ನಮ್ಮ ದೀಪಗಳು ಹಕ್ಕಿಯನ್ನು ದಾರಿಯಿಂದ ಕೆಳಕ್ಕೆ ಎಳೆಯುತ್ತವೆ. ಬೆಳಿಗ್ಗೆ ಅದು ಹಿತ್ತಲ ಮರದಲ್ಲಿ ಹಸಿದು ಕೂತಿರುತ್ತದೆ. ಗಾಜಿನೊಳಗೆ ಅದೇ ಮರ, ಅದೇ ಆಕಾಶ ಕಾಣುತ್ತದೆ. ಹಕ್ಕಿಗೆ ಗಾಜು ಎಂಬುದೊಂದು ಇದೆಯೆಂದೇ ತಿಳಿಯದು. ಹಾರುತ್ತದೆ. ಬಡಿದ ಹಕ್ಕಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎನ್ನುತ್ತಾರೆ ಇದನ್ನೇ 1970ರ ದಶಕದಿಂದ ಅಧ್ಯಯನ ಮಾಡಿದ ಡೇನಿಯಲ್ ಕ್ಲೆಮ್. ಒಮ್ಮೆ ಬಿದ್ದು ಎದ್ದು ಹಾರಿಹೋದದ್ದೂ ಒಳಪೆಟ್ಟಿನಿಂದ ಆಮೇಲೆ ಎಲ್ಲೋ ಸಾಯಬಹುದು.

ಈ ಸದ್ದು ಕೇಳಿರುವವರು ಯಾರು? ನಾವಲ್ಲ. ನಾವು ಮಕ್ಕಳನ್ನು ಶಾಲೆಗೆ ಓಡಿಸಿ ಮೀಟಿಂಗಿಗೆ ಕೂತಿರುತ್ತೇವೆ. ಕೇಳಿರುವವರು ಊರಿನಿಂದ ಬಂದ ಹಿರಿಯರು. "ಏನೋ ಠಪ್ಪಂತ ಬಡೀತಲ್ಲ ಗಾಜಿಗೆ" ಎಂದು ಅವರು ಹೇಳಿದರೆ, "ಅದೇನಿಲ್ಲ ಬಿಡಮ್ಮ" ಎಂದು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳುವ ಮನೆಗಳು ಎಷ್ಟೋ. ಹಿರಿಯರೇ, ಈ ಕೆಲಸಕ್ಕೆ ನಿಮಗಿಂತ ತಕ್ಕವರಿಲ್ಲ. ಬೆಳಿಗ್ಗೆ ಐದಕ್ಕೇ ಏಳುವವರು ನೀವು. ಹೊತ್ತು ಹೋಗುವುದಿಲ್ಲ ಎಂಬ ದೂರೂ ನಿಮ್ಮದೇ. ಯಾವ ಕಿಟಕಿಗೆ, ಎಷ್ಟು ಹೊತ್ತಿಗೆ ಬಡಿಯುತ್ತವೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಎಲ್ಲ ಕಿಟಕಿಯೂ ಅಪಾಯದ್ದಲ್ಲ, ಸಾಮಾನ್ಯವಾಗಿ ಒಂದೋ ಎರಡೋ ಮಾತ್ರ. ಅವನ್ನು ಪತ್ತೆ ಮಾಡಿಕೊಟ್ಟರೆ ಅರ್ಧ ಕೆಲಸ ಆದಂತೆ. ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಸಿಕೊಳ್ಳಿ. ಹಿತ್ತಲಲ್ಲಿ ಹಿಡಿದರೆ ಯಾವ ಹಕ್ಕಿ ಕೂಗುತ್ತಿದೆ ಎಂದು ಅದೇ ಹೇಳುತ್ತದೆ. ಮೊಮ್ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳಲು ಇಷ್ಟು ಸಾಕು.

ಈಗ ಚುಕ್ಕಿಯ ಮಾತು. ಮೆಕಾರ್ಮಿಕ್ ಪ್ಲೇಸ್‌ನವರು ಲಕ್ಷಾಂತರ ಡಾಲರ್ ಕೊಟ್ಟು ಅಂಟಿಸಿದ್ದನ್ನು ನಮ್ಮ ಮನೆಯ ಹೆಂಗಸರು ಹಬ್ಬದ ದಿನ ಬಾಗಿಲ ಮುಂದೆ ಕೈಯಲ್ಲೇ ಇಡುತ್ತಾರೆ. ಬಿಳಿಯ ಟೆಂಪೆರಾ ಪೇಂಟಿನ ಒಂದು ಬಾಟಲಿ ತನ್ನಿ, ಮಕ್ಕಳ ಕರಕುಶಲ ಸಾಮಾನಿನ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ವಿಷವಲ್ಲ, ಮಳೆಗೂ ತಡೆಯುತ್ತದೆ, ಬೇಡವಾದಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಗಾಜಿನ ಹೊರಮೈಗೆ ಇಡಿ. ಹೊರಮೈಗೇ ಇಡಬೇಕು, ಒಳಗಿಟ್ಟರೆ ಮೇಲಿನ ಪ್ರತಿಬಿಂಬ ಅದನ್ನು ನುಂಗಿಹಾಕುತ್ತದೆ. ಚುಕ್ಕಿಗಳ ನಡುವೆ ಅಡ್ಡಕ್ಕೂ ಉದ್ದಕ್ಕೂ ಎರಡು ಇಂಚಿಗಿಂತ ಹೆಚ್ಚು ಬಿಡಬೇಡಿ. ಒಂದೊಂದು ಚುಕ್ಕಿ ಕಾಲು ಇಂಚಾದರೂ ಇರಲಿ. ಎರಡಿಂಚೇ ಏಕೆಂದರೆ, ಅದಕ್ಕಿಂತ ಹೆಚ್ಚು ಜಾಗ ಕಂಡರೆ ಸಣ್ಣ ಹಕ್ಕಿ ಅದರಲ್ಲಿ ತೂರಿಹೋಗಬಹುದು ಎಂದು ಲೆಕ್ಕ ಹಾಕುತ್ತದೆ. ದಟ್ಟ ಕೊಂಬೆಗಳ ನಡುವೆ ನುಗ್ಗಿ ಅಭ್ಯಾಸವಾದ ಜೀವ ಅದು. ಬರೀ ಚುಕ್ಕಿ ಬೇಸರವೆಂದರೆ ಎಳೆ ಎಳೆದು ರಂಗೋಲಿ ಮಾಡಿ, ಹೊರಗೆ ಯಾರೂ ತುಳಿಯುವುದಿಲ್ಲ, ಗಾಳಿಗೆ ಹಾರುವುದಿಲ್ಲ. ಹದಿನೈದು ಚುಕ್ಕಿ ಎಂಟರವರೆಗೆ ಗೊತ್ತಿರುವ ಅತ್ತೆಯಂದಿರು ಈ ಸಲ ಪ್ಯಾಟಿಯೋ ಬಾಗಿಲಿಗೆ ಬಡ್ತಿ ಪಡೆಯಲಿ. ಗಾಜು ಪೂರ್ತಿ ತುಂಬಬೇಕು ಎಂಬುದಷ್ಟೇ ನಿಯಮ, ನಡುವೆ ಒಂದು ಹೂವು ಬಿಟ್ಟು ಸುತ್ತ ಖಾಲಿ ಬಿಟ್ಟರೆ ಉಪಯೋಗವಿಲ್ಲ.

ಕೈ ಬಣ್ಣ ಬೇಡವೆನ್ನುವವರಿಗೆ ಅಂಟಿಸುವ ಚುಕ್ಕಿ ಟೇಪು ಸಿಗುತ್ತದೆ. ಸೊಳ್ಳೆ ಜಾಲರಿ ಹೊರಗಿನಿಂದ ಹಾಕಿದರೂ ಆದೀತು. ಸಣ್ಣ ಹಗ್ಗಗಳನ್ನು ನಾಲ್ಕು ಇಂಚಿಗೊಂದರಂತೆ ಇಳಿಬಿಟ್ಟರೂ ಆದೀತು. ಗಿಡುಗದ ಆಕಾರದ ಒಂದೇ ಒಂದು ಕಪ್ಪು ಸ್ಟಿಕ್ಕರ್ ಅಂಟಿಸಿ ಕರ್ತವ್ಯ ಮುಗಿಯಿತು ಎನ್ನುವುದು ಮಾತ್ರ ಆಗದು. ಹಕ್ಕಿ ಆ ಸ್ಟಿಕ್ಕರಿನ ಪಕ್ಕಕ್ಕೆ ಬಡಿಯುತ್ತದೆ, ಅಷ್ಟೇ. ಕಾಳು ಹಾಕುವ ಫೀಡರ್ ಇದ್ದರೆ ಅದನ್ನು ಕಿಟಕಿಗೆ ಮೂರು ಅಡಿಯೊಳಗೆ ಇಡಿ, ಹಾರಲು ವೇಗ ಸಿಗುವುದಿಲ್ಲ. ಇಲ್ಲವೇ ಮೂವತ್ತು ಅಡಿಗಿಂತ ದೂರ ಇಡಿ. ಹತ್ತು ಹದಿನೈದು ಅಡಿಯೇ ಕೆಟ್ಟ ಜಾಗ, ಎಲ್ಲರೂ ಇಡುವುದೂ ಅಲ್ಲೇ.

ದೀಪದ ವಿಷಯಕ್ಕೆ ಹೆಚ್ಚು ಹೇಳಬೇಕಿಲ್ಲ. ಮರಕ್ಕೆ ಕೆಳಗಿನಿಂದ ಬಿಡುವ ಬೆಳಕು, ಗ್ಯಾರೇಜಿನ ಎರಡೂ ಬದಿಯ ಲ್ಯಾಂಪು, ದೀಪಾವಳಿಗೆ ಹಾಕಿ ಇನ್ನೂ ತೆಗೆಯದ ಸರಮಾಲೆ (ಯಾರ ಮನೆ ಎಂದು ಹೇಳುವುದಿಲ್ಲ), ಇವನ್ನು ರಾತ್ರಿ ಹನ್ನೊಂದಕ್ಕೆ ಆರಿಸಿ. ಕಳ್ಳರ ಭಯವಿದ್ದರೆ ಯಾರಾದರೂ ಬಂದಾಗ ಮಾತ್ರ ಹತ್ತುವ ದೀಪ ಹಾಕಿಸಿ, ಕಳ್ಳ ಅದಕ್ಕೇ ಹೆಚ್ಚು ಬೆದರುತ್ತಾನೆ. ಮೇಲಂತಸ್ತಿನಲ್ಲಿ ಕೂತು ಬೆಂಗಳೂರಿನ ಕಚೇರಿ ಜೊತೆ ರಾತ್ರಿ ಕರೆ ನಡೆಸುವವರು ಪರದೆ ಎಳೆದುಕೊಳ್ಳಿ. ನಮ್ಮ ದೇವಸ್ಥಾನಗಳ ಟ್ರಸ್ಟಿಗಳಲ್ಲೂ ಒಂದು ಬಿನ್ನಹ: ರಾತ್ರಿ ಮಂಗಳಾರತಿ ಮುಗಿದು ಬಾಗಿಲು ಹಾಕಿದ ಮೇಲೆ ಗೋಪುರಕ್ಕೆ ಹಾಕಿದ ಫ್ಲಡ್‌ಲೈಟ್ ಮೇ ತಿಂಗಳಲ್ಲೂ, ಸೆಪ್ಟೆಂಬರ್-ಅಕ್ಟೋಬರಿನಲ್ಲೂ ಆರಿರಲಿ. ಮಲಗಿದ ದೇವರಿಗೆ ಆ ಬೆಳಕು ಬೇಕಿಲ್ಲ.

ಹೋಮ್ ಓನರ್ಸ್ ಅಸೋಸಿಯೇಷನ್ನಿನವರಿಗೆ ಬೇರೆ ಮಾತಿದೆ. ಕಿಟಕಿಯ ಹೊರಗೆ ಏನನ್ನೂ ಅಂಟಿಸಬಾರದು ಎಂಬ ನಿಯಮ ಇಟ್ಟುಕೊಂಡ ಬಡಾವಣೆಗಳಿವೆ. ನಮ್ಮ ಬಡಾವಣೆಯಲ್ಲೇ ಒಬ್ಬರು ಟೇಪು ಅಂಟಿಸಿದ್ದಕ್ಕೆ ನೋಟಿಸು ಬಂದದ್ದು ನನಗೆ ಗೊತ್ತು. ಇಲಿನಾಯ್ ರಾಜ್ಯ 2021ರಲ್ಲಿ ಹಕ್ಕಿಸ್ನೇಹಿ ಕಟ್ಟಡಗಳ ಕಾನೂನು ಮಾಡಿದೆ, ಆದರೆ ಅದು ಸರಕಾರದ ಸ್ವಂತ ಹೊಸ ಕಟ್ಟಡಗಳಿಗೆ, ದೊಡ್ಡ ಪ್ರಮಾಣದಲ್ಲಿ ನವೀಕರಿಸುವವಕ್ಕೆ ಮಾತ್ರ. ಮನೆಗಳ ಮಟ್ಟಿಗೆ ಕಾನೂನು ಮಾಡುವವರು ನೀವೇ. ಈ ವರ್ಷದ ಸಭೆಯಲ್ಲಿ ಒಂದು ಸಾಲು ಸೇರಿಸಿ: ಹಕ್ಕಿ ಬಡಿಯದಂತೆ ಇಡುವ ಚುಕ್ಕಿ, ಜಾಲರಿ, ಹಗ್ಗಕ್ಕೆ ಅನುಮತಿ ಬೇಕಿಲ್ಲ. ಆ ಸಮಿತಿಗಳಲ್ಲಿ ನಮ್ಮವರು ಈಗ ಸಾಕಷ್ಟು ಜನ ಇದ್ದಾರೆ, ಬೇಲಿಯ ಎತ್ತರಕ್ಕೆ ತೋರುವ ಉತ್ಸಾಹದಲ್ಲಿ ಕಾಲುಭಾಗ ಸಾಕು.

ಎಲ್ಲ ಮಾಡಿದ ಮೇಲೂ ಒಂದು ಬಡಿದು ಬಿದ್ದರೆ? ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ರಟ್ಟಿನ ಡಬ್ಬದಲ್ಲೋ ಕಾಗದದ ಚೀಲದಲ್ಲೋ ಇಟ್ಟು ಬಾಯಿ ಮುಚ್ಚಿ, ಕತ್ತಲೆಯ, ಸದ್ದಿಲ್ಲದ ಕಡೆ ಇಡಿ. ನೀರು ಕುಡಿಸಬೇಡಿ, ಅನ್ನದ ಅಗುಳು ಹಾಕಬೇಡಿ, ಅಯ್ಯೋ ಪಾಪ ಎಂದು ಮತ್ತೆ ಮತ್ತೆ ತೆರೆದು ನೋಡಬೇಡಿ. ಗ್ಲೆನ್ ಎಲಿನ್‌ನ ಡುಪೇಜ್ ವನ್ಯಜೀವಿ ಸಂರಕ್ಷಣಾ ಕೇಂದ್ರದಂಥ (ಹಿಂದೆ ವಿಲ್ಲೋಬ್ರೂಕ್ ಎನ್ನುತ್ತಿದ್ದರು) ಕಡೆ ಫೋನು ಮಾಡಿ, ಅವರು ಹೇಳಿದಂತೆ ಮಾಡಿ. ಹಾಗೆಯೇ ಮಕ್ಕಳು ಚಂದದ ಗರಿ ಹೆಕ್ಕಿ ತಂದರೆ ನೋಡಿ ಅಲ್ಲೇ ಬಿಟ್ಟುಬಿಡಲು ಹೇಳಿ. ವಲಸೆ ಹಕ್ಕಿಗಳ ಗರಿಯನ್ನೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದು ಇಲ್ಲಿಯ 1918ರ ಕಾನೂನು ಹೇಳುತ್ತದೆ. ಎಚ್-1ಬಿ ಮೇಲಿರುವವರು ನಗಬೇಡಿ, ಗರಿಗಾಗಿ ಯಾರೂ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ, ಆದರೂ ಕಾನೂನು ಕಾನೂನೇ.

ಇಷ್ಟೆಲ್ಲ ಹೇಳಿದಾಗ ಒಬ್ಬ ಗೆಳೆಯರು ಕೇಳಿದರು, "ನಮ್ಮೂರಲ್ಲದ ಊರಿನ ಹಕ್ಕಿ ಬಗ್ಗೆ ನಮಗ್ಯಾಕ್ರೀ ಇಷ್ಟು ಚಿಂತೆ?" ನಾನು ಗದಗ ಜಿಲ್ಲೆಯವಳು. ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ಸುತ್ತಲ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ತೇಲಿಕೊಂಡಿದ್ದು, ಬಿಸಿಲು ಏರಿದಂತೆ ಉತ್ತರಕ್ಕೆ ಹೊರಡುತ್ತವೆ. ಇಲ್ಲಿ ವಾರ್ಬ್ಲರ್‌ಗಳು ಬರುವ ಹೊತ್ತಿಗೆ ಅಲ್ಲಿ ಅವು ಹೋಗಿಯಾಗಿರುತ್ತದೆ. ಆ ಕೆರೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜವುಗು ಪ್ರದೇಶವಾಯಿತು. ಪೈರು ಮೇಯುವ ಹಕ್ಕಿಯನ್ನು ಓಡಿಸದೆ ಬಿಟ್ಟ ರೈತರು ಅದಕ್ಕೆ ಮೊದಲೂ ಇದ್ದರು. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದೇ ಮನೆಯ ಹಿತ್ತಲ ಹುಣಸೆಮರದಲ್ಲಿ. ಮೀನಿನ ವಾಸನೆ, ಅಂಗಳದ ತುಂಬಾ ಹಿಕ್ಕೆ, ಕೈಬಿಟ್ಟ ಹುಣಸೆ ಫಸಲು, ಎಲ್ಲ ಸಹಿಸಿಕೊಂಡು ಆ ಊರಿನವರು ಹಕ್ಕಿಗಳನ್ನು ಇಟ್ಟುಕೊಂಡಿದ್ದಾರೆ. ನಮಗೆ ಇಲ್ಲಿ ಯಾರೂ ಫಸಲು ಬಿಟ್ಟುಕೊಡಿ ಎನ್ನುತ್ತಿಲ್ಲ. ಮಾರ್ಟ್‌ಗೇಜು ಕಟ್ಟುತ್ತೇವೆ, ಪ್ರಾಪರ್ಟಿ ಟ್ಯಾಕ್ಸು ಕಟ್ಟುತ್ತೇವೆ, ಈ ಮನೆ ನಮ್ಮದು ಎನ್ನುತ್ತೇವೆ. ಅದರ ಗಾಜಿಗೆ ಬಡಿದು ಸತ್ತದ್ದು ಮಾತ್ರ ಬೇರೆಯವರ ಹಕ್ಕಿಯೇ? ಉತ್ತರ ಅಮೆರಿಕದಲ್ಲಿ 1970ರಿಂದ ಈಚೆಗೆ ಸುಮಾರು 290 ಕೋಟಿ ಹಕ್ಕಿ ಕಡಿಮೆಯಾಗಿವೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಹೋದಂತಾಯಿತು. ಕಾಡು ಕಡಿದದ್ದು, ಕೀಟನಾಶಕ, ಬೀದಿಗೆ ಬಿಟ್ಟ ಬೆಕ್ಕು, ಕಾರಣ ಬೇಕಾದಷ್ಟಿವೆ. ಅವುಗಳಲ್ಲಿ ಒಂದು ಮಧ್ಯಾಹ್ನದಲ್ಲಿ, ಒಂದು ಬಾಟಲಿ ಬಣ್ಣದಲ್ಲಿ, ನಮ್ಮ ಮನೆಯ ಮಟ್ಟಿಗೆ ಮುಗಿಯುವಂಥದ್ದು ಕಿಟಕಿ ಒಂದೇ.

ಕೂಟದ ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುವುದು: ಪ್ರತಿ ವರ್ಷ ರಂಗೋಲಿ ಸ್ಪರ್ಧೆಯನ್ನು ಶಾಲೆಯ ಜಿಮ್ ನೆಲದ ಮೇಲೆ ಕಾಗದ ಹಾಸಿ ಮಾಡುತ್ತೀರಿ. ಈ ಏಪ್ರಿಲ್ಲಿನಲ್ಲಿ ಅದನ್ನು ಮನೆಮನೆಯ ಕಿಟಕಿಯ ಮೇಲೆ ಮಾಡಿಸಿ, ಫೋಟೋ ತರಿಸಿಕೊಂಡು ಬಹುಮಾನ ಕೊಡಿ. ಎರಡಿಂಚಿನ ಅಳತೆ ತಪ್ಪಿದರೆ ಅಂಕ ಕಡಿಮೆ. ಮೇ ಎರಡನೇ ವಾರ ಒಂದು ಶನಿವಾರ ಬೆಳಿಗ್ಗೆ ಮಾಂಟ್ರೋಸ್‌ಗೆ ಕರೆದುಕೊಂಡು ಹೋಗಲು ನಾನು ತಯಾರಿದ್ದೇನೆ. ಆರಕ್ಕೆ ಅಲ್ಲಿರಬೇಕು, ಇಡ್ಲಿ ಚಟ್ನಿ ಯಾರಾದರೂ ತನ್ನಿ, ದೂರದರ್ಶಕಗಳು ನನ್ನ ಹತ್ತಿರ ಒಂದೆರಡು ಹೆಚ್ಚಿಗೆ ಇವೆ. ಬೆಳಿಗ್ಗೆ ಆರು ಆಗದು ಎನ್ನುವವರಿಗೆ ಸ್ಪ್ರಿಂಗ್‌ಬ್ರೂಕಿನಲ್ಲಿ ಸಂಜೆ ನಡಿಗೆ. ಮೇ ತಿಂಗಳಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಬಾಬೋಲಿಂಕ್‌ಗಳು ಹಾಡುತ್ತಾ ಹಾರುತ್ತಿರುತ್ತವೆ, ದಕ್ಷಿಣ ಅಮೆರಿಕದ ಹುಲ್ಲುಗಾವಲುಗಳಿಂದ ಬಂದವು.

ಹೋಮ್ ಓನರ್ಸ್ ಅಸೋಸಿಯೇಷನ್ನಿಗೆ ಕೊಡಬಹುದಾದ ಮನವಿಯ ಕರಡು ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದೇನೆ, ಕೂಟದ ಮೂಲಕ ಕೇಳಿದವರಿಗೆ ಕಳಿಸುತ್ತೇನೆ. ಬಣ್ಣ ತರಲು ಮರೆತವರಿಗೆ ನಮ್ಮ ಗ್ಯಾರೇಜಿನಲ್ಲಿ ಒಂದು ಡಬ್ಬ ಇದೆ. ಏಣಿಯೂ ಇದೆ, ಆದರೆ ಎರಡಂತಸ್ತಿನ ಗಾಜಿಗೆ ಹತ್ತುವುದು ಅರವತ್ತು ದಾಟಿದವರು ಬೇಡ, ಮಗನನ್ನೇ ಹತ್ತಿಸಿ.

ಇಂತಿ,
ನೇಪರ್‌ವಿಲ್‌ನಿಂದ ನಿಮ್ಮ ಒಬ್ಬ ನೆರೆಯವಳು